ಕುಮಾರ ಪರ್ವತ: ಎರಡನೇ ಸಲ ತುದಿ ಮುಟ್ಟಿದೆ

ಮೊದಲ ಸಲ ನಾನು ದಾರಿ ನಡುವಿನ ಕಲ್ಲು ಮಂಟಪದಿಂದಲೇ ವಾಪಸ್ ಬಂದೆ. ಜನವರಿ ಕೊನೆ. ಅಲ್ಲಿ ತೊರೆ ಇರುತ್ತದೆ ಅಂತ ನಂಬಿ ಒಂದೇ ಬಾಟಲಿ ನೀರು ಒಯ್ದಿದ್ದೆ. ತೊರೆ ಬತ್ತಿತ್ತು. ಮೇಲೆ, ತುದಿಗೆ ಮೊದಲು ಸಿಗುವ ಶೇಷ ಪರ್ವತ ಕಣ್ಣೆದುರಿಗೇ ಇತ್ತು. ತಿರುಗಿ ಇಳಿಯುವಾಗ ಅಳು ಬಂದಿತ್ತು.

ಕುಮಾರ ಪರ್ವತದ ಎತ್ತರ 1712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ನಿಜ. ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಬುಡದ ತಗ್ಗಿನಲ್ಲಿ. ಅಲ್ಲಿಂದ ಹೊರಟರೆ ಹೆಚ್ಚುಕಡಿಮೆ 1600 ಮೀಟರ್ ಏರಬೇಕು, ಅದೂ ಪೂರ್ತಿ ಕಾಲ್ನಡಿಗೆಯಲ್ಲೇ.

ಮುಂದಿನ ನವೆಂಬರ್‌ನಲ್ಲಿ ಮತ್ತೆ ಹೋದೆ. ಮೊದಲ ದಿನ ಕಾಡಿನ ದಾರಿ. ಇಂಬಳಗಳು ಇನ್ನೂ ಇದ್ದವು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡಿದ್ದರಿಂದ ಅಷ್ಟಾಗಿ ಕಾಡಲಿಲ್ಲ. ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಆಗ ಅಲ್ಲಿ ರಾತ್ರಿ ಉಳಿಯಲು ಬಿಡುತ್ತಿದ್ದರು. ಈಗ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ನಿಯಮ ನೋಡಿಕೊಂಡೇ ಹೊರಡಿ.

ಗಿರಿಗದ್ದೆ ದಾಟಿದರೆ ಬಯಲು ಹುಲ್ಲುಗುಡ್ಡ. ಒಂದು ಮರದ ನೆರಳೂ ಸಿಗುವುದು ಕಷ್ಟ. ಜನ ಸುಸ್ತಾಗುವುದು ಇಲ್ಲೇ. ಅದಕ್ಕೇ ನಾನು ಈ ಸಲ ಬೆಳಕು ಹರಿಯುತ್ತಲೇ ಹೊರಟೆ. ಮೂರು ಲೀಟರ್ ನೀರು, ಬೆಲ್ಲ, ನೆಲಗಡಲೆ, ಒಂದು ಗಟ್ಟಿ ಕೋಲು, ಇಷ್ಟೇ ಸಾಮಾನು. ಬಿಸಿಲು ಏರುವ ಮೊದಲೇ ಮಂಟಪ ತಲುಪಿದೆ. ಈ ಸಲ ತೊರೆಯಲ್ಲಿ ನೀರಿತ್ತು. ಮುಖ ತೊಳೆದು, ಬಾಟಲಿ ತುಂಬಿಸಿಕೊಂಡೆ.

ಶೇಷ ಪರ್ವತ ಹೆಡೆ ಎತ್ತಿದ ಹಾವಿನ ಹಾಗೆ ಕಾಣುತ್ತದೆ. ಅದರ ನೆತ್ತಿಯ ಅಂಚಿನಲ್ಲಿ ನಿಂತಾಗ ಒಂದು ಬದಿ ನೇರ ಪ್ರಪಾತ, ಅದರ ತುಂಬ ಮಂಜು. ಅಲ್ಲಿ ಫೋಟೋಗಾಗಿ ಮುಂದೆ ಮುಂದೆ ಹೋಗಬೇಡಿ, ದಯವಿಟ್ಟು. ತುದಿ ಬಂತು ಅಂದುಕೊಳ್ಳುತ್ತೇವೆ, ಅಲ್ವಾ? ಬಂದಿರುವುದಿಲ್ಲ. ಮತ್ತೆ ಇಳಿದು ಶೋಲಾ ಕಾಡು, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡು, ಹೊಕ್ಕು, ಜಾರುವ ಬಂಡೆಯೊಂದನ್ನು ಹತ್ತಬೇಕು. ಬೂಟು ಒದ್ದೆಯಾಗಿತ್ತು. ಕೈ ಊರಿಕೊಂಡೇ ಹತ್ತಿದೆ.

ಮೇಲೆ ಕಲ್ಲು ಜೋಡಿಸಿದ ಪುಟ್ಟ ಗುಡಿ, ಜೋರು ಗಾಳಿ. ಸುಮ್ನೆ ಅರ್ಧ ಗಂಟೆ ಕೂತೆ.

ಇಳಿಯುವುದೇ ಜಾಸ್ತಿ ಕಷ್ಟ. ಮಂಡಿ ನಡುಗುತ್ತದೆ. ಪ್ರತಿ ಹೆಜ್ಜೆಗೂ ಕೋಲು ಊರಿ, ಓಡದೆ ಇಳಿದೆ. ಕುಕ್ಕೆ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಕುಮಾರಧಾರೆಯ ಸ್ನಾನಘಟ್ಟದಲ್ಲಿ ತುಂಬಾ ಹೊತ್ತು ಕಾಲು ಇಳಿಬಿಟ್ಟು ಕೂತಿದ್ದೆ.