ಎಡಕ್ಕೆ ವಾಲಿದ್ದ ಅಂಬಾಸಿಡರ್ ಮತ್ತು ಹಿಂದಿನ ಸ್ಪ್ರಿಂಗ್ ಪ್ಲೇಟುಗಳು: ನನ್ನ ಅನುಭವ

ಅಂಬಾಸಿಡರ್ ಕಾರಿನ ಮುಂಭಾಗದ ಭಾರವನ್ನು ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳುಗಳಾದ ಟಾರ್ಷನ್ ಬಾರ್‌ಗಳೂ ಹಿಂಭಾಗದ ಭಾರವನ್ನು ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ಗಳೂ ಹೊರುತ್ತವೆ. ಟಾರ್ಷನ್ ಬಾರನ್ನು ಅದರ ಹಲ್ಲುಗಳಲ್ಲಿ ಜಾಗ ಬದಲಿಸಿ ಕೂರಿಸಿದರೆ ಕಾರಿನ ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದು. ಲೀಫ್ ಸ್ಪ್ರಿಂಗಿಗೆ ಆ ಅನುಕೂಲವಿಲ್ಲ. ಅದನ್ನು ಪೂರ್ತಿ ಬಿಚ್ಚಿಯೇ ಸರಿಪಡಿಸಬೇಕು. ಹೀಗಾಗಿ, ಕಾರು ಒಂದು ಕಡೆ ವಾಲಿದೆ ಎಂದೊಡನೆ ದೋಷ ಎಲ್ಲೇ ಇರಲಿ, ಸ್ಪ್ಯಾನರ್ ಮೊದಲು ಟಾರ್ಷನ್ ಬಾರಿನ ಕಡೆಗೇ ಹೋಗುತ್ತದೆ. ದಾವಣಗೆರೆಯಲ್ಲಿರುವ ನನ್ನ 1996ರ ಮಾದರಿಯ ಅಂಬಾಸಿಡರ್ 1800 ಐಎಸ್‌ಝಡ್ ಎಡಕ್ಕೆ ವಾಲಿ ನಿಲ್ಲತೊಡಗಿದಾಗ ನನಗೆ ಸಿಕ್ಕ ಮೊದಲ ಸಲಹೆಯೂ ಅದೇ ಆಗಿತ್ತು. ಎರಡನೆಯ ಸಲಹೆ ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸುವುದು. ಶಾಕ್ ಅಬ್ಸಾರ್ಬರ್ ಕಾರಿನ ಕುಣಿತವನ್ನು ತಡೆಯುತ್ತದೆಯೇ ಹೊರತು ಕಾರಿನ ಭಾರವನ್ನು ಹೊರುವುದಿಲ್ಲ; ಆದ್ದರಿಂದ ಆ ಸಲಹೆಯನ್ನು ಅಲ್ಲಿಗೇ ಬಿಟ್ಟೆ.

ಏನನ್ನೂ ಬಿಚ್ಚುವ ಮೊದಲು ಅಳತೆ ತೆಗೆದುಕೊಳ್ಳುವುದು ಅಗತ್ಯವಾಗಿತ್ತು. ನೆಲವೇ ಓರೆಯಾಗಿದ್ದರೆ ಅಳತೆಗೆ ಅರ್ಥವಿಲ್ಲವಾದ್ದರಿಂದ, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ನಾಲ್ಕು ಚಕ್ರಗಳು ನಿಲ್ಲುವ ಜಾಗಗಳನ್ನು ಮಟ್ಟ ನೋಡಿ, ತಗ್ಗಿದ್ದ ಕಡೆ ತೆಳು ಹಲಗೆ ಇಟ್ಟೆ. ಟೈರುಗಳ ಗಾಳಿಯನ್ನು ಸರಿದೂಗಿಸಿ, ಡಿಕ್ಕಿ ಖಾಲಿ ಮಾಡಿ, ಕಾರನ್ನು ಒಮ್ಮೆ ಹಿಂದೆ ಮುಂದೆ ಉರುಳಿಸಿ ಸ್ಪ್ರಿಂಗ್‌ಗಳು ತಮ್ಮ ಸಹಜ ಸ್ಥಿತಿಗೆ ಬರುವಂತೆ ಮಾಡಿದೆ. ಅಳತೆಯನ್ನು ನೆಲದಿಂದ ತೆಗೆಯದೆ ಚಕ್ರದ ನಡುಬಿಂದುವಿನಿಂದ ಮೇಲಕ್ಕೆ ತೆಗೆದರೆ ಟೈರಿನ ಸವೆತದ ವ್ಯತ್ಯಾಸ ಅದರಲ್ಲಿ ಸೇರುವುದಿಲ್ಲ. ಆದರೆ ಹಳೆಯ ಕಾರಿನ ಮಡ್‌ಗಾರ್ಡ್ ಅಂಚನ್ನು ನಂಬುವಂತಿಲ್ಲ. ಎಷ್ಟೋ ಸಲ ಟಿಂಕರಿಂಗ್ ಕಂಡ ಆ ಅಂಚು ಎರಡೂ ಕಡೆ ಒಂದೇ ಎತ್ತರದಲ್ಲಿ ಉಳಿದಿರುವುದು ಅಪರೂಪ. ಹಾಗಾಗಿ ಅಡಿಭಾಗದಲ್ಲಿ ಎಡ ಬಲ ಒಂದೇ ರೀತಿ ಇರುವ ಚಾಸಿ ಬಿಂದುಗಳಿಂದಲೂ ನೆಲಕ್ಕೆ ಅಳೆದೆ. ಹಿಂಭಾಗದಲ್ಲಿ ಎಡಗಡೆ 34 ಮಿ.ಮೀ., ಮುಂಭಾಗದಲ್ಲಿ ಎಡಗಡೆ 15 ಮಿ.ಮೀ. ತಗ್ಗಿತ್ತು.

ಮುಂಭಾಗದ ಆ 15 ಮಿ.ಮೀ. ನೋಡಿದವರಿಗೆ ಎಡ ಟಾರ್ಷನ್ ಬಾರ್ ಸೋತಿದೆ ಎನ್ನಿಸುವುದು ಸಹಜ. ಆದರೆ ಕಾರಿನ ಬಾಡಿ ಗಟ್ಟಿಯಾದ ಒಂದೇ ಪೆಟ್ಟಿಗೆಯಾದುದರಿಂದ ಹಿಂದಿನ ಒಂದು ಮೂಲೆ ಕುಸಿದರೆ ಮುಂದಿನ ಅದೇ ಬದಿಯೂ ಅದರ ಜೊತೆ ತಗ್ಗುತ್ತದೆ. ದೋಷ ಹಿಂದಿನದೋ ಮುಂದಿನದೋ ಎಂದು ಬಿಡಿಸಿ ನೋಡಲು ಸುಲಭವಾದ ಪರೀಕ್ಷೆಯೊಂದಿದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು, ಟ್ರಾಲಿ ಜಾಕಿನ ತಲೆಯ ಮೇಲೆ ಮರದ ತುಂಡಿಟ್ಟು, ಹಿಂದಿನ ಆಕ್ಸಲ್ ಹೌಸಿಂಗಿನ ನಟ್ಟನಡುವೆ ಅದನ್ನು ಕೊಟ್ಟು ಹಿಂದಿನ ಟೈರುಗಳು ನೆಲ ಬಿಡುವಷ್ಟು ಮಾತ್ರ ಎತ್ತಿದೆ. ಈಗ ಹಿಂಭಾಗವು ಒಂದೇ ಬಿಂದುವಿನ ಮೇಲೆ ನಿಂತಿರುವುದರಿಂದ ಹಿಂದಿನ ಸ್ಪ್ರಿಂಗ್‌ಗಳು ಬಾಡಿಯನ್ನು ಎಡಕ್ಕಾಗಲಿ ಬಲಕ್ಕಾಗಲಿ ವಾಲಿಸಲಾರವು. ಉಳಿಯುವ ವಾಲು ಏನಿದ್ದರೂ ಅದು ಮುಂಭಾಗದ್ದು. ಮುಂಭಾಗವನ್ನು ಮತ್ತೆ ಅಳೆದಾಗ ವ್ಯತ್ಯಾಸ 3 ಮಿ.ಮೀ.ಗೆ ಇಳಿದಿತ್ತು. ಟಾರ್ಷನ್ ಬಾರ್‌ಗಳು ಸರಿಯಾಗಿಯೇ ಇದ್ದವು.

ಈ ಪರೀಕ್ಷೆ ಮಾಡದೆ ಎಡ ಟಾರ್ಷನ್ ಬಾರನ್ನು ಬಿಗಿಸಿದ್ದರೆ ಕಾರು ನೋಡಲು ನೆಟ್ಟಗಾಗುತ್ತಿತ್ತು, ಅದು ನಿಜ. ಆದರೆ ಆಗ ಎಡ ಮುಂಗಾಲಿ ಮತ್ತು ಬಲ ಹಿಂಗಾಲಿಗಳ ಮೇಲೆ ಭಾರ ಹೆಚ್ಚಿ, ಇನ್ನೊಂದು ಕರ್ಣದ ಎರಡು ಚಕ್ರಗಳು ಹಗುರಾಗುತ್ತವೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಹಗುರಾದ ಬಲ ಮುಂಗಾಲಿ ಬೇಗನೆ ಲಾಕ್ ಆಗುತ್ತದೆ. ಕಣ್ಣಿಗೆ ಕಾಣುವ ಓರೆಗಿಂತ ಕಣ್ಣಿಗೆ ಕಾಣದ ಈ ಓರೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ಸ್ಪ್ರಿಂಗ್ ಇಳಿಸುವಾಗ ಚಾಸಿಯನ್ನು ಎರಡು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲನ್ನು ಜಾಕಿನ ಮೇಲೆಯೇ ಇರಿಸಿಕೊಂಡೆ. ಆಕ್ಸಲ್ ಜೋತು ಬಿದ್ದರೆ ಅದರ ಭಾರವೆಲ್ಲ ಬ್ರೇಕಿನ ರಬ್ಬರ್ ಹೋಸಿನ ಮೇಲೆ ಬೀಳುತ್ತದೆ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿಡುವ, ತುಕ್ಕು ಹಿಡಿದ ಯು-ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಆದರೆ ಎಡಗಡೆಯ ಎರಡು ನಟ್‌ಗಳು ಅಷ್ಟೇನೂ ಪ್ರಯಾಸವಿಲ್ಲದೆ ತಿರುಗಿದವು. ಅದರ ಅರ್ಥ ತಿಳಿದದ್ದು ಪಿ.ಬಿ. ರಸ್ತೆಯ ಬದಿಯಲ್ಲಿ ಲಾರಿ ಸ್ಪ್ರಿಂಗ್‌ಗಳ ಕೆಲಸ ಮಾಡುವ ಅಂಗಡಿಗೆ ಎರಡೂ ಸೆಟ್‌ಗಳನ್ನು ಒಯ್ದ ಮೇಲೆ. ಅಲ್ಲಿಯ ಹಿರಿಯ ಮೇಸ್ತ್ರಿ ಸೆಂಟರ್ ಬೋಲ್ಟ್ ತೆಗೆದು ಪ್ಲೇಟುಗಳನ್ನು ಒಂದೊಂದಾಗಿ ಬಿಡಿಸಿ, ವೈರ್ ಬ್ರಷ್‌ನಿಂದ ಉಜ್ಜಿ, ಎಡ ಸೆಟ್ಟಿನ ಎರಡನೆಯ ಪ್ಲೇಟನ್ನು ನನ್ನ ಕಡೆ ಹಿಡಿದು, "ಇಲ್ಲಿ ನೋಡ್ರಿ ಸರ, ಬೋಲ್ಟಿನ ತೂತಿನ ಹತ್ರನೇ ಕಟ್ ಆಗೇತಿ" ಎಂದರು. ಬಿರುಕಿನ ಮೈಯಲ್ಲಿ ಬಹುಪಾಲು ಹಳೆಯ ತುಕ್ಕಿನ ಕಂದು ಬಣ್ಣವಿತ್ತು. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಅಗಲದ ಹೊಳೆಯುವ ಹೊಸ ಉಕ್ಕು ಕಾಣುತ್ತಿತ್ತು. ಎಂದರೆ ಅದು ಬಹಳ ಕಾಲದಿಂದ ಸ್ವಲ್ಪ ಸ್ವಲ್ಪವೇ ಸೀಳುತ್ತ ಬಂದಿತ್ತು. ಲೀಫ್ ಸ್ಪ್ರಿಂಗಿನಲ್ಲಿ ಸೆಂಟರ್ ಬೋಲ್ಟಿನ ತೂತೇ ದುರ್ಬಲ ಜಾಗ. ಯು-ಬೋಲ್ಟ್‌ಗಳು ಬಿಗಿಯಾಗಿರುವವರೆಗೆ ಆ ಭಾಗ ಬಾಗದಂತೆ ಅವು ಹಿಡಿದಿರುತ್ತವೆ. ಸಡಿಲಾದ ಕೂಡಲೇ ಪ್ರತಿ ಗುಂಡಿಗೂ ಪ್ಲೇಟು ತೂತಿನ ಬಳಿಯಲ್ಲೇ ಬಾಗತೊಡಗುತ್ತದೆ. ಹೊರಗಿನಿಂದ ನೋಡಿದರೆ ಕ್ಲಾಂಪಿನ ಅಡಿಯಲ್ಲಿ ಇದು ಕಾಣುವುದೇ ಇಲ್ಲ.

ಮುರಿದ ಪ್ಲೇಟೊಂದನ್ನು ಬದಲಿಸಿ ಕೆಲಸ ಮುಗಿಸಬಹುದಿತ್ತು. ಆದರೆ ಮುಖ್ಯ ಪ್ಲೇಟಿನ ಎರಡು ತುದಿಗಳಲ್ಲಿರುವ ಸುರುಳಿ ತೂತುಗಳ (ಕಣ್ಣುಗಳ) ನಡುವೆ ದಾರ ಎಳೆದು, ದಾರದಿಂದ ಮುಖ್ಯ ಪ್ಲೇಟಿನ ನಡುವಿನವರೆಗೆ ಅಳೆದು ನೋಡಿದಾಗ ಬಲಗಡೆಯದೂ ತನ್ನ ಕಮಾನನ್ನು ಸಾಕಷ್ಟು ಕಳೆದುಕೊಂಡಿರುವುದು ತಿಳಿಯಿತು. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸ್ಪ್ರಿಂಗ್ ಹಳತಾದರೆ ಮೆತ್ತಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸ್ಪ್ರಿಂಗಿನ ಬಿಗಿತ ಪ್ಲೇಟುಗಳ ಉದ್ದ, ಅಗಲ, ದಪ್ಪ, ಸಂಖ್ಯೆ ಮತ್ತು ಉಕ್ಕಿನ ಸ್ಥಿತಿಸ್ಥಾಪಕತೆಯನ್ನು ಅವಲಂಬಿಸಿದೆ. ಪ್ಲೇಟು ಮುರಿಯದೆ, ತುಕ್ಕಿನಿಂದ ತೆಳುವಾಗದೆ ಇದ್ದರೆ ಇವು ವಯಸ್ಸಿನಿಂದ ಬದಲಾಗುವುದಿಲ್ಲ. ಕಡಿಮೆಯಾಗುವುದು ಕಮಾನಿನ ಎತ್ತರ ಮಾತ್ರ. ಕಮಾನು ತಗ್ಗಿದಾಗ ಆಕ್ಸಲ್ ಮತ್ತು ಅದರ ಮೇಲೆ ತಡೆಯಾಗಿರುವ ಬಂಪ್ ರಬ್ಬರಿನ ನಡುವೆ ಜಾಗ ಉಳಿಯುವುದಿಲ್ಲ. ರಸ್ತೆಯ ಸಣ್ಣ ಉಬ್ಬಿಗೂ ಆಕ್ಸಲ್ ಹೋಗಿ ರಬ್ಬರಿಗೆ ಬಡಿಯುತ್ತದೆ. ಆದ್ದರಿಂದ ಇಂಥ ಸ್ಪ್ರಿಂಗಿಗೆ ಬೇಕಾದದ್ದು ಕಮಾನು, ಹೆಚ್ಚುವರಿ ಪ್ಲೇಟಲ್ಲ. ಪ್ಲೇಟು ಸೇರಿಸಿದರೆ ಎತ್ತರದ ಜೊತೆ ಬಿಗಿತವೂ ಹೆಚ್ಚಿ, ಖಾಲಿ ಕಾರು ಎತ್ತಿನ ಗಾಡಿಯಂತೆ ಕುಲುಕುತ್ತದೆ. ಮಾರುತಿ 800ರ ಹಿಂದಿನ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುವವರೂ ಮಾಡುವುದು ಇದನ್ನೇ.

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿದ್ದರೂ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ದೊರೆಯುತ್ತವೆ. ಆದರೂ ಉಳಿದ ಪ್ಲೇಟುಗಳ ದಪ್ಪ ಚೆನ್ನಾಗಿದ್ದುದರಿಂದ, ಮುರಿದದ್ದನ್ನು ಮಾತ್ರ ಅದೇ ಅಗಲ ಮತ್ತು ದಪ್ಪದ ಹೊಸದರಿಂದ ಬದಲಿಸಿ ಎರಡೂ ಸೆಟ್‌ಗಳ ಕಮಾನು ಏರಿಸಲು ಹೇಳಿದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಬಾರದೆಂಬುದು ನನ್ನ ಷರತ್ತಾಗಿತ್ತು. ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಮತ್ತೆ ಎಣ್ಣೆಯಲ್ಲಿ ಅದ್ದಿ, ಸರಿಯಾದ ಉಷ್ಣತೆಯಲ್ಲಿ ಹದಗೊಳಿಸದಿದ್ದರೆ ಅದು ಬೇಗ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಮೇಸ್ತ್ರಿ ಮೊದಲು ಸರಳೊಂದನ್ನು ಬೇಕಾದ ಕಮಾನಿಗೆ ಬಗ್ಗಿಸಿ ಅಚ್ಚು ಮಾಡಿಕೊಂಡರು. ಬಳಿಕ ಪ್ಲೇಟಿನ ಒಳಬಾಗಿದ ಮೈ ಮೇಲೆ ಬರುವಂತೆ ಎರಡು ಆಸರೆಗಳ ಮೇಲಿಟ್ಟು, ಬೆರಳಗಲಕ್ಕೊಂದು ಏಟಿನಂತೆ ತುದಿಯಿಂದ ತುದಿಗೆ ಬಡಿದು, ಆಗಾಗ ಅಚ್ಚಿಗೆ ಹಿಡಿದು ನೋಡಿದರು. ಕೆಳಗಿನ ಪ್ರತಿ ಪ್ಲೇಟಿಗೂ ಮೇಲಿನದಕ್ಕಿಂತ ತುಸು ಹೆಚ್ಚು ಕಮಾನು ಕೊಟ್ಟರು. ಸೆಂಟರ್ ಬೋಲ್ಟ್ ಬಿಗಿದಾಗ ಪ್ಲೇಟುಗಳ ತುದಿಗಳು ಒಂದಕ್ಕೊಂದು ಒತ್ತಿ ಕೂರುವುದು ಈ ವ್ಯತ್ಯಾಸದಿಂದಲೇ. ಇದಿಲ್ಲದಿದ್ದರೆ ಹೊರೆಯೆಲ್ಲ ಮುಖ್ಯ ಪ್ಲೇಟಿನ ಮೇಲೆ ಬೀಳುತ್ತದೆ. ಓಡಿದ ಮೇಲೆ ಸ್ವಲ್ಪ ಇಳಿಯುತ್ತದೆಂದು ಬೇಕಾದದ್ದಕ್ಕಿಂತ 10 ಮಿ.ಮೀ. ಹೆಚ್ಚಿಗೆ ಇರಿಸಿದೆವು.

ಜೋಡಣೆಯಲ್ಲಿ ಯು-ಬೋಲ್ಟ್, ನಟ್, ಸೆಂಟರ್ ಬೋಲ್ಟ್, ರಬ್ಬರ್ ಬುಷ್ ಎಲ್ಲವನ್ನೂ ಹೊಸದಾಗಿ ಹಾಕಿದೆ. ಬುಷ್‌ಗಳಿಗೆ ಗ್ರೀಸ್ ಹಚ್ಚದೆ ಸಾಬೂನು ನೀರು ಹಚ್ಚಿ ಕೂರಿಸಿದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಕೊಂಡಿಯ ನಟ್‌ಗಳನ್ನು ಮಾತ್ರ ಸಡಿಲವಾಗಿಯೇ ಬಿಟ್ಟು, ಕಾರನ್ನು ನೆಲಕ್ಕಿಳಿಸಿ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬಂದ ನಂತರ ಬಿಗಿದೆ. ಆಕ್ಸಲ್ ಜೋತಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ.

ಸುಮಾರು 300 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ನಾಲ್ಕೂ ಸ್ವಲ್ಪ ಸ್ವಲ್ಪ ತಿರುಗಿದವು. ಅದೇ ಜಾಗದಲ್ಲಿ, ಅದೇ ಹಲಗೆಗಳ ಮೇಲೆ ಅಳೆದಾಗ ಹಿಂಭಾಗದ ಎಡ ಬಲ ವ್ಯತ್ಯಾಸ 5 ಮಿ.ಮೀ., ಮುಂಭಾಗದ್ದು 3 ಮಿ.ಮೀ. ಇತ್ತು. ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತರೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದರಿಂದ ಅದನ್ನು ಕೆದಕಲು ಹೋಗಲಿಲ್ಲ. ಹಿಂಭಾಗ ಮೇಲೇರಿದ್ದರಿಂದ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ತೀರ ಹತ್ತಿರ ಬೀಳುತ್ತಿತ್ತು. ಗೋಡೆಯೆದುರು ಕಾರು ನಿಲ್ಲಿಸಿ ಅದನ್ನು ಮೇಲಕ್ಕೆ ಹೊಂದಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಟಾರ್ಷನ್ ಬಾರ್‌ಗಳನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.