ಬಂಕಿನವನ ಅಳಿಯ: ನನ್ನ ದೋಣಿ ಮೋಟರಿನ ಪೆಟ್ರೋಲ್ ಲೆಕ್ಕ

"ಇದು ಮೋಟರ್ ಅಲ್ಲೋ ತಮ್ಮಾ, ಪೆಟ್ರೋಲ್ ಬಂಕಿನವನ ಅಳಿಯ. ಎಷ್ಟು ಹಾಕಿದ್ರೂ ಇನ್ನಷ್ಟು ತಾ ಅಂತದ."

ನಮ್ಮ ದಂಡೆಯ ಹರಗೋಲಿನ ಕಾಕಾ ನನ್ನ ಮೋಟರಿಗೆ ಇಟ್ಟ ಹೆಸರು ಇದು. ಎರಡು ವರ್ಷ ಹಾಗೇ ಕರೆದರು. ಈಗ ಕರೆಯುವುದು ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾರಾಯಣಪುರ ಹಿನ್ನೀರಿನಲ್ಲಿ ಹರಗೋಲಿನವರು ಹಿಡಿದ ಮೀನು ಕೂಡಿಸಿಕೊಂಡು ದಂಡೆಗೆ ತರುವುದು ನನ್ನ ಕೆಲಸ. ಬೆಳಗ್ಗೆ ಐದಕ್ಕೆ ಹೊರಟರೆ ಹೋಗಿ ಬರಲು 18 ಕಿಲೋಮೀಟರ್ ಆಗುತ್ತದೆ. 18 ಅಡಿಯ ಫೈಬರ್ ದೋಣಿ, ಎರಡು ಐಸ್ ಪೆಟ್ಟಿಗೆ, ನಾನು, ಒಬ್ಬ ಹುಡುಗ. ಮೋಟರ್ 8 ಎಚ್‌ಪಿ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ಮಲ್ಪೆ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು, 38 ಸಾವಿರಕ್ಕೆ. ಅಗ್ಗಕ್ಕೆ ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೊದಲ ವಾರದಲ್ಲೇ ಗೊತ್ತಾಯಿತು. ಒಂದು ಸುತ್ತಿಗೆ ಒಂಬತ್ತು ಲೀಟರ್! ಲೀಟರಿಗೆ ನೂರಾ ಎರಡೋ ಮೂರೋ ಕೊಟ್ಟು ಆಯಿಲ್ ಖರ್ಚೂ ಸೇರಿಸಿದರೆ ದಿನಕ್ಕೆ ಸಾವಿರ ರೂಪಾಯಿ ನೀರಿನಲ್ಲಿ ಹೊಗೆಯಾಗುತ್ತಿತ್ತು. ಮೀನು ಕಡಿಮೆ ಸಿಕ್ಕ ದಿನ ಹುಡುಗನ ಕೂಲಿ ನನ್ನ ಜೇಬಿನಿಂದಲೇ.

ಹೊಲದ ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಕೈ ಪಳಗಿದವನು ನಾನು. ಆದರೂ ಮೊದಲು ಬೇರೆಯವರ ಮಾತು ಕೇಳಿದೆ, ಅದೇ ತಪ್ಪು. ಸಿಟಿಯ ಒಬ್ಬ ಮೆಕ್ಯಾನಿಕ್ ಕಾರ್ಬರೇಟರ್ ಪೂರ್ತಿ ಹೋಗಿದೆ ಅಂದ. ಫ್ಲೋಟ್, ನೀಡಲ್, ಕಿಟ್ಟು, ಕೂಲಿ ಎಲ್ಲ ಸೇರಿ ಮೂರೂವರೆ ಸಾವಿರ. ಏನೂ ಬದಲಾಗಲಿಲ್ಲ. ಆಮೇಲೆ ಫ್ಯಾನ್, ಅಂದರೆ ನೀರು ತಳ್ಳುವ ಪ್ರೊಪೆಲ್ಲರ್, ದೊಡ್ಡದಾಯಿತು ಅಂತ ಇನ್ನೊಬ್ಬರು ಹೇಳಿದರು. ಪಿಚ್, ಅಂದರೆ ಎಲೆಗಳ ಓರೆ, ಕಡಿಮೆ ಇರುವ ಹಳೇ ಫ್ಯಾನ್ ಒಂದಕ್ಕೆ 2,200 ಕೊಟ್ಟೆ. ಸದ್ದು ಜಾಸ್ತಿ ಆಯಿತು, ಓಟ ಕಡಿಮೆ ಆಯಿತು, ಪೆಟ್ರೋಲ್ ಅಷ್ಟೇ. ಆ ಫ್ಯಾನ್ ಈಗ ನಮ್ಮ ಮನೆಯ ಕೋಳಿಗೂಡಿನ ಬಾಗಿಲಿಗೆ ಭಾರವಾಗಿ ನಿಂತಿದೆ.

ಮೂರನೇ ತಪ್ಪು ನನ್ನದೇ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದೆ. ಮೇಲೆ 75, ಕೆಳಗೆ 76. ರಿಂಗ್ ಸವೆದಿವೆ ಅಂದುಕೊಂಡು 2,800 ಸುರಿದು ರಿಂಗ್, ಗ್ಯಾಸ್ಕೆಟ್ ತರಿಸಿದೆ. ಎರಡು ದಿನ ಕೂತು ಹಾಕಿದೆ. ಮತ್ತೆ ಗೇಜ್ ಹಾಕಿದರೆ 78, 78. ಸವೆದ ಇಂಜಿನ್ನಿನಲ್ಲಿ ಎರಡೂ ಸಿಲಿಂಡರ್ ಅಷ್ಟು ಸಮ ಇರುವುದು ಅಪರೂಪ. ಆ ಸಮ ನಂಬರೇ ಕೂಗಿ ಹೇಳುತ್ತಿತ್ತು. ನನಗೆ ಕೇಳಿಸಲಿಲ್ಲ, ಅಷ್ಟೇ.

ಅಲ್ಲಿಗೆ ಪ್ಲಗ್ ಗಿಗ್ ಎಲ್ಲ ಸೇರಿ ಸುಮಾರು ಒಂಬತ್ತು ಸಾವಿರ ಹೋಗಿತ್ತು. ಮನೆಯಲ್ಲಿ ಮಾತು ಶುರುವಾಯಿತು. ನನ್ನ ಹೆಂಡತಿಯ ಅಣ್ಣ, "ಮಾವಾ, ಅದನ್ನ ಗುಜರಿಗೆ ಹಾಕ್ರಿ, ಹೊಸಾ ಫೋರ್-ಸ್ಟ್ರೋಕ್ ತಗೋರಿ," ಅಂದ. ದುಡ್ಡು ಯಾರು ಕೊಡ್ತಾರೆ ಅಂತ ಮಾತ್ರ ಹೇಳಲಿಲ್ಲ.

ಬಾಟಲಿ ಲೆಕ್ಕ ಶುರು ಮಾಡಿದ್ದು ಆಗಲೇ. ಒಂದು ಲೀಟರಿನ ನೀರಿನ ಬಾಟಲಿಗೆ ಬ್ಲೇಡಿನಿಂದ ನೂರು ನೂರು ಮಿಲಿಗೆ ಗೀರು ಹಾಕಿದೆ. ಮುಚ್ಚಳಕ್ಕೆ ಎರಡು ತೂತು, ಒಂದರಲ್ಲಿ ಪೈಪ್, ಇನ್ನೊಂದು ಗಾಳಿಗೆ. ಟ್ಯಾಂಕ್ ಇಡುವ ಎತ್ತರದಲ್ಲೇ ಬಾಟಲಿ ಕಟ್ಟಿದೆ. ಮೊಬೈಲಿನ ಜಿಪಿಎಸ್ ಹಚ್ಚಿ, ಥ್ರಾಟಲ್ ಹಿಡಿಯಲ್ಲಿ ಬಿಳಿ ಬಣ್ಣದ ಗುರುತು ಮಾಡಿ, ಅದೇ ಗುರುತಿನಲ್ಲೇ ಓಡಿಸಿದೆ. ಗಂಟೆಗೆ ಎಷ್ಟು ಲೀಟರ್ ಅನ್ನುವ ಲೆಕ್ಕ ನನಗೆ ಬೇಡ. ಲೀಟರಿಗೆ ಎಷ್ಟು ಕಿಲೋಮೀಟರ್, ಅದೊಂದೇ. ಅದೂ ಅರ್ಧ ಲೀಟರ್ ಗಾಳಿಗೆ ಎದುರಾಗಿ, ಅರ್ಧ ಲೀಟರ್ ಗಾಳಿಯ ಜೊತೆ. ಬರೀ ಹೋಗುವಾಗ ಅಳೆದರೆ ಆಷಾಢದ ಗಾಳಿ ನಿಮ್ಮನ್ನು ಮೂರ್ಖ ಮಾಡುತ್ತದೆ.

ದಂಡೆಯ ಮೇಲೆ ನಗುವವರು ನಕ್ಕರು. "ಕೂಸಿಗೆ ಬಾಟ್ಲಿ ಹಾಲು ಕುಡಸ್ಲತ್ಯಾನ ನೋಡ್ರಿ," ಅಂತ. ಒಂದು ದಿನ ಪೈಪ್ ಕಿತ್ತು ಅರ್ಧ ಬಾಟಲಿ ದೋಣಿಯ ತಳಕ್ಕೆ ಚೆಲ್ಲಿತು. ಹುಡುಗ ಅದೇ ಹೊತ್ತಿಗೆ ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದಿದ್ದ. ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತು ಕೃಷ್ಣೆಗೆ ಎಸೆದೆ. ಅವತ್ತಿಂದ ದೋಣಿಯಲ್ಲಿ ಬೀಡಿ ಬಂದ್. ಬಾಟಲಿ ಲೆಕ್ಕ ಮಾಡುವವರು ಪೈಪಿಗೆ ಕ್ಲಿಪ್ ಹಾಕಿ, ತಂತಿ ನಂಬಬೇಡಿ.

ಮೊದಲ ಲೆಕ್ಕ: ಲೀಟರಿಗೆ 2 ಕಿಲೋಮೀಟರ್. ಚೂರು ಹೆಚ್ಚು ಕಡಿಮೆ.

ಪೂರ್ತಿ ಲೀಟರ್ ಓಡಿಸಿ, ನಿಧಾನ ಮಾಡದೆ ಹಾಗೇ ಸ್ವಿಚ್ ಆಫ್ ಮಾಡಿ, ನೀರಿನ ನಡುವೆಯೇ ಪ್ಲಗ್ ಬಿಚ್ಚಿದೆ. ಮೇಲಿನದು ಒಣಗಿದ ಕಪ್ಪು. ಕೆಳಗಿನದು ಹಸಿ ಹಸಿ, ಒರೆಸಿದರೆ ಬೆರಳಿಗೆ ಪೆಟ್ರೋಲ್ ಅಂಟಿತು. ಕಾರ್ಬರೇಟರ್ ಎರಡಕ್ಕೂ ಒಂದೇ. ಅದರದೇ ತಪ್ಪಾಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು ಅಲ್ವಾ? ಕೆಳಗಿನ ಸಿಲಿಂಡರಿಗೆ ಮಾತ್ರ ಬೇರೆ ದಾರಿಯಿಂದ ಪೆಟ್ರೋಲ್ ಹೋಗುತ್ತಿದೆ. ಆ ದಾರಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ನನ್ನ ಮೋಟರಿನಲ್ಲಿ ಪಂಪಿಗೆ ಬಡಿತ ಸಿಗುವುದು ಕೆಳಗಿನ ಕ್ರ್ಯಾಂಕ್‌ಕೇಸಿನಿಂದ. ಪಂಪ್ ಬಿಚ್ಚಿ, ಪೈಪ್ ಇದ್ದ ಹಾಗೇ ಕೈಯಲ್ಲಿ ಹಿಡಿದು, ರಬ್ಬರ್ ಬಲ್ಬ್ ಹಿಸುಕಿದೆ. ಬಡಿತ ಬರುವ ಬೆನ್ನಿನ ತೂತು ಒಣಗಿರಬೇಕು. ಅಲ್ಲಿಂದ ಹನಿ ಹನಿ ಇಳಿಯಿತು. ಪಂಪಿನೊಳಗಿನ ರಬ್ಬರ್ ಪರದೆ, ಡಯಾಫ್ರಮ್, ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಾಳುವುದಿಲ್ಲ ಅಂತ ನನ್ನ ಅನುಮಾನ, ಪೈಪ್ ಕೂಡ ಒಳಗೆ ಅಂಟಂಟಾಗಿತ್ತು. 650 ರೂಪಾಯಿ ಕಿಟ್ಟು, ಕೊರಿಯರ್ ಬೇರೆ. ಹಾಕಿದ ಮೇಲೆ ಲೀಟರಿಗೆ 2.4.

ಎರಡು ಪ್ಲಗ್ಗೂ ಒಂದೇ ಬಣ್ಣಕ್ಕೆ ಬಂದವು. ಆದರೆ ಎರಡೂ ಕಪ್ಪೇ, ಅಂದರೆ ಪೆಟ್ರೋಲ್ ಇನ್ನೂ ಹೆಚ್ಚೇ ಹೋಗುತ್ತಿದೆ. ಈಗ ತಪ್ಪು ಎರಡಕ್ಕೂ ಸೇರಿದ್ದು.

ಇಲ್ಲಿ ಒಂದು ತಿಂಗಳು ಸುಮ್ನೆ ಕಳೆದೆ. ಆಯಿಲ್ ಕಡಿಮೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವವರು ಇದ್ದಾರೆ. ಲೀಟರಿಗೆ 20 ಮಿಲಿ ಹಾಕುತ್ತಿದ್ದವನು 14ಕ್ಕೆ ಇಳಿಸಿ ನೋಡಿದೆ. ಒಂದು ಮೀಟರೂ ಹೆಚ್ಚು ಓಡಲಿಲ್ಲ. ಎರಡನೇ ದಿನ ಪಿಸ್ಟನ್ ಸದ್ದು ಬೇರೆಯಾಯಿತು, ಕೈ ಮುಗಿದು ಮತ್ತೆ 20ಕ್ಕೆ ಬಂದೆ. ನೀವು ಮಾಡಬೇಡಿ.

ಉತ್ತರ ಮಾತ್ರ ಎರಡು ವರ್ಷದಿಂದ ಕಣ್ಣೆದುರೇ ಇತ್ತು. ಪೆಟ್ರೋಲ್ ಕಾಕಿನಲ್ಲಿ ಎರಡು ಮೂತಿ. ಒಂದಕ್ಕೆ ಪೈಪ್. ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬಲೆಯ ನೈಲಾನ್ ದಾರದಿಂದ ಬಿಗಿದು ಗಂಟು ಹಾಕಿದ್ದರು. ದಿನಾ ಅದನ್ನು ಒರೆಸುತ್ತಿದ್ದೆ. ಒಂದು ಸಂಜೆ ಆ ಗಂಟು ನೋಡುತ್ತಾ, ಇಲ್ಲಿ ಎರಡನೇ ಪೈಪ್ ಯಾತಕ್ಕೆ ಇತ್ತು ಅಂತ ಯೋಚನೆ ಬಂತು. ಕೊಟ್ಟವರಿಗೇ ಫೋನ್ ಮಾಡಿದೆ.

"ಅಣ್ಣಾರ, ನೀವು ಇದಕ್ಕ ಏನು ಹಾಕ್ತಿದ್ರಿ?"

"ಸೀಮೆಎಣ್ಣೆ. ಮತ್ತೆಂತ ಹಾಕುದು ಮಾರಾಯ್ರೇ? ಸ್ಟಾರ್ಟಿಗೆ ಮಾತ್ರ ಪೆಟ್ರೋಲ್."

ಸೀಮೆಎಣ್ಣೆ ಮೋಟರ್! ನಮ್ಮ ಕಡೆ ಹೇಳುವ ಚಿಮಣಿ ಎಣ್ಣೆ. ಮೋಟರಿನ ಮೇಲಿನ ತಟ್ಟೆಯ ನಂಬರಿನ ಕೊನೆಯಲ್ಲಿದ್ದ ಕೆ ಅಕ್ಷರಕ್ಕೆ ಅರ್ಥ ಅದೇ. ಕರಾವಳಿಯ ನಾಡದೋಣಿಯವರು ಸಬ್ಸಿಡಿ ಸೀಮೆಎಣ್ಣೆಯಲ್ಲಿ ಓಡಿಸುವ ಮೋಟರ್ ಇದು. ಸೀಮೆಎಣ್ಣೆ ಬೇಗ ಬಡಿಯುತ್ತದೆ, ಅದಕ್ಕೆ ಕಂಪ್ರೆಷನ್ ಕಡಿಮೆ ಇಟ್ಟಿರುತ್ತಾರೆ. ದಪ್ಪ ಎಣ್ಣೆ, ಅದಕ್ಕೆ ಕಾರ್ಬರೇಟರಿನಲ್ಲಿ ಎಣ್ಣೆ ಹಾಯುವ ಜೆಟ್ಟಿನ ತೂತು ದೊಡ್ಡದು. ಅದರಲ್ಲಿ ನಾನು ಎರಡು ವರ್ಷ ಪೆಟ್ರೋಲ್ ಸುರಿದಿದ್ದೇನೆ. ನನ್ನ 75, 76 ಸವೆತ ಅಲ್ಲ, ಕಂಪನಿಯಿಂದ ಬಂದದ್ದೇ ಹಾಗೆ. ಹೊಸ ರಿಂಗ್ ಹಾಕಿದಾಗ ತೆಗೆದ ರಿಂಗ್‌ಗಳನ್ನು ನೆನೆದು ಅವತ್ತು ನಿದ್ದೆ ಬರಲಿಲ್ಲ.

ಪೆಟ್ರೋಲ್ ಜೆಟ್ ಮೂರು ಅಳತೆಯವು ತರಿಸಿದೆ, ಎಲ್ಲ ಸೇರಿ 400. ನಮ್ಮ ನಾರಾಯಣಪುರದ ಬಸವಸಾಗರ ತುಂಬಿದಾಗ ನೀರು ಸಮುದ್ರಮಟ್ಟದಿಂದ ಸುಮಾರು 492 ಮೀಟರ್ ಎತ್ತರದಲ್ಲಿರುತ್ತದೆ. ಮೇಲೆ ನಮ್ಮ ಬೇಸಿಗೆ, 42 ಡಿಗ್ರಿ. ಎರಡೂ ಸೇರಿ ಗಾಳಿ ತೆಳು. ಅದಕ್ಕೆ ಪುಸ್ತಕದ ನಂಬರಿಗಿಂತ ಒಂದು ಸಣ್ಣದು ಸರಿಹೋಯಿತು. ಎರಡು ಸಣ್ಣದು ಹಾಕಿ ನೋಡಿದಾಗ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಯಿತು, ಪೆಟ್ರೋಲ್ ಸಾಲದೆ ಕಾಯುತ್ತಿದೆ ಅಂತ ಹೆದರಿ ತೆಗೆದೆ. ಬಾಟಲಿ ಹೇಳಿದ್ದು 2.9.

ಆಮೇಲೆ ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ. ಅದನ್ನು ಲೇತಿನಲ್ಲಿ ಹೊಡೆಸಿ ತೆಳು ಮಾಡಿದರೆ ಕಂಪ್ರೆಷನ್ ಏರುತ್ತದೆ. ಸುರಪುರದ ಒಬ್ಬ ಲೇತ್ ಯಜಮಾನರು, "ಇಷ್ಟು ಹೊಡೆದ್ರ ಪಿಸ್ಟನ್‌ಗೆ ತೂತು ಬೀಳ್ತದ್ರಿ," ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ, ಹೋದರೆ ನನ್ನದೇ ಹೋಗಲಿ ಅಂತ ಒಪ್ಪಿಸಿದೆ. ಎಷ್ಟು ಪಾಯಿಂಟ್ ಹೊಡೆಸಿದೆ, ಗ್ಯಾಸ್ಕೆಟ್ ಯಾವುದು ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಮೂರು ರಾತ್ರಿ ಮೇಣದ ತುಂಡು ಇಟ್ಟು ಅಳೆದಿದ್ದೇನೆ. ಗೇಜ್ ಈಗ 95ರ ಹತ್ತಿರ ಬರುತ್ತದೆ. ಬಾಟಲಿ 3.1. ಕೂಲಿ 500, ಗ್ಯಾಸ್ಕೆಟ್ 700.

ಇನ್ನೊಂದು ನಾಚಿಕೆಯ ವಿಷಯ. ಕಡಲಿನ ದೋಣಿಗೆ ಅಂತ ಇದು ಲಾಂಗ್ ಶಾಫ್ಟ್, 20 ಇಂಚಿನದು. ನನ್ನ ದೋಣಿಯ ಹಿಂದಿನ ಹಲಗೆ 15 ಇಂಚು. ಅಂದರೆ ಮೋಟರಿನ ಕಾಲು ಐದು ಇಂಚು ಹೆಚ್ಚಿಗೆ ಮುಳುಗಿ ಸುಮ್ನೆ ನೀರನ್ನು ಸೀಳುತ್ತಿತ್ತು. ಹಿಂದಿನಿಂದ ನೋಡಿದರೆ ನೀರು ಮೋಟರಿನ ಕುತ್ತಿಗೆಯವರೆಗೆ ಕಾರಂಜಿ ಹಾರುತ್ತಿತ್ತು, ಹುಡುಗರು ಫೋಟೋ ಕೂಡ ತೆಗೆದಿದ್ದರು. ಹಳೇ ಬಾಗಿಲಿನ ಸಾಗವಾನಿ ಹಲಗೆ ಕೊರೆದು ಬೋಲ್ಟ್ ಹಾಕಿ ಎತ್ತರ ಮಾಡಿದೆ. ಪೂರ್ತಿ ಐದು ಎತ್ತಿದರೆ ತಿರುವಿನಲ್ಲಿ ಫ್ಯಾನ್ ಗಾಳಿ ಕುಡಿಯುತ್ತದೆ, ನಾಲ್ಕಕ್ಕೆ ನಿಲ್ಲಿಸಿದೆ. 350 ರೂಪಾಯಿ ಬೋಲ್ಟಿಗೆ. ಬಾಟಲಿ 3.5! ಜೆಟ್ ಬಿಟ್ಟರೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಲಾಭ ಇಡೀ ಕಥೆಯಲ್ಲಿ ಇನ್ನೊಂದಿಲ್ಲ.

ಬಾಟಲಿ ಇನ್ನೊಂದು ಗುಟ್ಟೂ ಹೇಳಿತು. ನನ್ನ ದೋಣಿ ಗಂಟೆಗೆ 9 ಕಿಲೋಮೀಟರ್ ತನಕ ಆರಾಮ ಹೋಗುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿದರೆ ಹತ್ತೂವರೆ. ಆ ಒಂದೂವರೆ ಕಿಲೋಮೀಟರಿಗೆ ಪೆಟ್ರೋಲ್ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮೂತಿ ಮೇಲೆದ್ದು ಬೆನ್ನು ಕುಸಿದು, ತನ್ನದೇ ಅಲೆಯನ್ನು ತಾನೇ ಹತ್ತುತ್ತದೆ. ಹುಡುಗನಿಗೆ ಇದನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತು.

ಈಗ ಒಂದು ಸುತ್ತಿಗೆ ಐದು ಲೀಟರ್, ಗಾಳಿ ಇದ್ದ ದಿನ ಐದೂವರೆ. ದಿನಕ್ಕೆ ಕಡಿಮೆ ಅಂದರೂ ಮುನ್ನೂರೈವತ್ತು ರೂಪಾಯಿ ಉಳಿಯುತ್ತದೆ. ಸರಿಯಾದ ರಿಪೇರಿಗೆ ಹೋದದ್ದು ಮೂರು ಸಾವಿರದೊಳಗೆ.

ಕಾಕಾ ಒಂದು ದಿನ ನನ್ನ ಕ್ಯಾನ್ ಎತ್ತಿ ತೂಗಿ ನೋಡಿದರು. "ಅಳಿಯ ದುಡಿಯಾಕ ಕಲ್ತಾನ ಬಿಡು," ಅಂದರು. ಹೋದ ವಾರ ಅವರ ತಮ್ಮನೂ ಕರಾವಳಿಯಿಂದ ಇಂಥದೇ ಮೋಟರ್ ತಂದಿದ್ದಾನೆ. ಹಲಗೆಯ ಅಳತೆ, ಜೆಟ್ ಕೊಟ್ಟೆ. ಹೆಡ್ ನಾನೇ ಮಾಡಿಸಿಕೊಡುತ್ತೇನೆ ಅಂದೆ.

ಅಂದಹಾಗೆ ಹೆಡ್ ಬಿಚ್ಚಿದಾಗ, ಇಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟ್ಯಾಟ್ ಇರಬೇಕಾದ ಗೂಡು ಖಾಲಿ ಇತ್ತು. ಕಡಲಿನ ಉಪ್ಪಿಗೆ ಸಿಕ್ಕಿಕೊಳ್ಳುತ್ತದೆ ಅಂತ ಕರಾವಳಿಯಲ್ಲೇ ಯಾರೋ ತೆಗೆದಿರಬೇಕು. ತಣ್ಣಗೆ ಓಡುವ ಇಂಜಿನ್ನೂ ಪೆಟ್ರೋಲ್ ತಿನ್ನುತ್ತದೆ. ಪ್ಲಗ್ ಬೆಳಗಿನ ಮೊದಲ ಅರ್ಧ ಗಂಟೆ ಈಗಲೂ ಸ್ವಲ್ಪ ಕಪ್ಪು ಹೊಡೆಯುವುದು ಅದಕ್ಕೇ ಇರಬಹುದು. ಬಿಡಿಭಾಗಕ್ಕೆ ಹೇಳಿದ್ದೇನೆ, ಬಂದ ಮೇಲೆ ಮತ್ತೆ ಬಾಟಲಿ ಕಟ್ಟಬೇಕು.