ಯಕ್ಷಗಾನ ಆಟದ ಡಿವಿಡಿಗೆ ಕನ್ನಡದ ಸಬ್‌ಟೈಟಲ್ ಕೂಡಿಸಿದ ಬಗೆ

ಸುರತ್ಕಲ್ಲಿನ ನಮ್ಮ ತರವಾಡು ಮನೆಯಲ್ಲಿ ಆಡಿಸಿದ ಹರಕೆಯ ಯಕ್ಷಗಾನ ಆಟವನ್ನು ಊರಿನ ಸ್ಟುಡಿಯೊ ಒಂದು ಚಿತ್ರೀಕರಿಸಿ ಕೆಲವು ಡಿವಿಡಿಗಳಲ್ಲಿ ಕೊಟ್ಟಿತ್ತು. ಅವುಗಳಿಗೆ ಕನ್ನಡದ ಸಬ್‌ಟೈಟಲ್ ಸೇರಿಸುವ ಕೆಲಸವನ್ನು ನಾನು ಕೈಗೆತ್ತಿಕೊಂಡದ್ದು ದೊಡ್ಡಪ್ಪನಿಗಾಗಿ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಆಟಗಳನ್ನು ಬಾಲ್ಯದಿಂದಲೂ ಬಿಡದೆ ನೋಡಿಕೊಂಡು ಬಂದ ಅವರಿಗೆ ಈಗ ಕಿವಿ ತೀರಾ ಮಂದವಾಗಿದೆ. ಶ್ರವಣಯಂತ್ರ ಹಾಕಿಕೊಂಡರೆ ಚೆಂಡೆಯ ಪೆಟ್ಟೇ ಮುಂದಾಗಿ, ಹಾಡುವ ಭಾಗವತರ ಪದವಾಗಲಿ ವೇಷಧಾರಿಗಳು ಆಡುವ ಮಾತು, ಅಂದರೆ ಅರ್ಥವಾಗಲಿ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ವೇಷ, ಕುಣಿತ, ಬಣ್ಣಗಾರಿಕೆ ಎಲ್ಲವೂ ಕಣ್ಣಿಗೆ ಸಿಗುತ್ತವೆ. ಆದರೆ ಅರ್ಥಗಾರಿಕೆ ಸಿಗದಿದ್ದರೆ ತೆಂಕಿನ ಆಟದಲ್ಲಿ ಅರ್ಧವೇ ಇಲ್ಲವಾದಂತೆ.

ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿ, ಜೊತೆಗೊಂದು ಸಬ್‌ಟೈಟಲ್ ಕಡತವನ್ನು ಇಟ್ಟರೆ ಸಾಲದೇ ಎಂದು ಮನೆಯಲ್ಲಿ ಹಲವರು ಕೇಳಿದರು. ಅಂಥ ಕಡತದಲ್ಲಿರುವುದು ಬರಿಯ ಪಠ್ಯ; ಅದನ್ನು ಅಕ್ಷರವಾಗಿ ತೋರಿಸುವ ಹೊಣೆ ಟಿವಿಯದು. ದೊಡ್ಡಪ್ಪನ ಟಿವಿಯಲ್ಲಿ ಕನ್ನಡದ ಫಾಂಟ್ ಇಲ್ಲದ ಕಾರಣ ಅಕ್ಷರಗಳ ಜಾಗದಲ್ಲಿ ಚೌಕಗಳು ಮೂಡುತ್ತವೆ. ಫಾಂಟ್ ಇದ್ದರೂ ಒತ್ತಕ್ಷರಗಳನ್ನು ಜೋಡಿಸಲು ಬಾರದ ಉಪಕರಣಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತವೆ. ಡಿವಿಡಿಯ ಸಬ್‌ಟೈಟಲ್ ಹಾಗಲ್ಲ, ಅದು ಪಠ್ಯವೇ ಅಲ್ಲ, ಚಿತ್ರ. ವಿಡಿಯೊ ಮತ್ತು ಧ್ವನಿಯ ಜೊತೆಗೆ ಮೂರನೆಯ ಪ್ರವಾಹವಾಗಿ ಸಣ್ಣ ಸಣ್ಣ ಚಿತ್ರಗಳು ಡಿಸ್ಕಿನಲ್ಲಿ ಹರಿಯುತ್ತವೆ. ಪ್ಲೇಯರ್ ಆ ಚಿತ್ರವನ್ನು ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ವಿಡಿಯೊದ ಮೇಲೆ ಹಾಸುತ್ತದೆ, ಅಷ್ಟೆ. ನಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಕನ್ನಡವು ಸರಿಯಾಗಿ ಮೂಡಿ ಚಿತ್ರವಾಯಿತೆಂದರೆ, ಎಷ್ಟೇ ಹಳೆಯ, ಎಷ್ಟೇ ಅಗ್ಗದ ಪ್ಲೇಯರ್ ಆದರೂ ಅದನ್ನು ಕೆಡಿಸಲಾರದು. ಕನ್ನಡದ ಮಟ್ಟಿಗೆ ಇದು ದೊಡ್ಡ ಅನುಕೂಲವೆಂದು ನಾನು ಬಲವಾಗಿ ನಂಬುತ್ತೇನೆ.

ಈ ಅನುಕೂಲಕ್ಕೆ ಕಟ್ಟುಪಾಡುಗಳೂ ಇವೆ. ಒಂದು ಸಬ್‌ಟೈಟಲ್ ಚಿತ್ರದಲ್ಲಿ ಇರಬಹುದಾದ ಬಣ್ಣಗಳು ನಾಲ್ಕೇ, ಅದರಲ್ಲಿ ಪಾರದರ್ಶಕ ಹಿನ್ನೆಲೆಯೂ ಒಂದು. ಬೇರೆ ಬೇರೆ ಚಿತ್ರಗಳಿಗೆ ಬೇರೆ ಬೇರೆ ಬಣ್ಣ ಕೊಡಬಹುದಾದರೂ ಅವೆಲ್ಲವೂ 16 ಬಣ್ಣಗಳ ಒಂದೇ ತಟ್ಟೆಯಿಂದ ಬರಬೇಕು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಚಿತ್ರದ ಅಳತೆ 720 ಬಿಂದು ಅಡ್ಡ, 576 ಬಿಂದು ಉದ್ದ. ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್). ಒಂದು ಡಿಸ್ಕಿನಲ್ಲಿ 32 ಸಬ್‌ಟೈಟಲ್ ಪ್ರವಾಹಗಳವರೆಗೆ ಇಡಲು ಅವಕಾಶವಿದೆ. ನನಗೆ ಬೇಕಾದದ್ದು ಎರಡು.

ಮೊದಲ ಕೆಲಸ ಡಿಸ್ಕಿನಿಂದ ವಿಡಿಯೊವನ್ನು ಹೊರತೆಗೆಯುವುದು. ಸ್ಟುಡಿಯೊದ ಡಿಸ್ಕಿನಲ್ಲಿ ನಕಲು ತಡೆಯುವ ಯಾವ ಬೀಗಮುದ್ರೆಯೂ ಇರಲಿಲ್ಲ, ಆಟ ನಮ್ಮ ಮನೆಯದೇ, ಭಾಗವತರಿಗೂ ಮುಖ್ಯ ವೇಷಧಾರಿಗಳಿಗೂ ವಿಷಯ ತಿಳಿಸಿ ಒಪ್ಪಿಗೆ ಪಡೆದಿದ್ದೆ. ವಿಡಿಯೊ ಟಿಎಸ್ ಎಂಬ ಫೋಲ್ಡರಿನಲ್ಲಿ ವಿಒಬಿ ಕಡತಗಳು ಒಂದೊಂದು ಗಿಗಾಬೈಟ್‌ವರೆಗಿನ ತುಂಡುಗಳಾಗಿ ಇರುತ್ತವೆ. ಅವುಗಳಲ್ಲಿ ಸೊನ್ನೆ ಸಂಖ್ಯೆಯದು ಮೆನುವಿಗೆ ಸೇರಿದ್ದು, ಒಂದರಿಂದ ಮುಂದಿನವು ವಿಡಿಯೊ. ಅವನ್ನು ಅನುಕ್ರಮವಾಗಿ ಜೋಡಿಸಿ, ಎಫ್‌ಎಫ್‌ಎಂಪೆಗ್ ತಂತ್ರಾಂಶದಿಂದ ವಿಡಿಯೊವನ್ನೂ ಧ್ವನಿಯನ್ನೂ ಬೇರ್ಪಡಿಸಿ, ಎಂಪ್ಲೆಕ್ಸ್ ಎಂಬ ಉಪಕರಣದಲ್ಲಿ ಡಿವಿಡಿಗೆಂದೇ ಇರುವ 8ನೆಯ ಮಾದರಿಯನ್ನು ಆರಿಸಿ ಮತ್ತೆ ಒಂದುಗೂಡಿಸಿದೆ. ಹೀಗೆ ಮಾಡಿದರೆ ಚಿತ್ರವನ್ನು ಮತ್ತೊಮ್ಮೆ ಸಂಕುಚಿಸಬೇಕಾಗಿಲ್ಲವಾದ್ದರಿಂದ ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ. ಕ್ಯಾಮೆರಾವನ್ನು ನಿಲ್ಲಿಸಿ ಶುರುಮಾಡಿದ ಕಡೆಗಳಲ್ಲಿ ಕಡಿದುಹೋಗಿದ್ದ ಸಮಯದ ಗುರುತುಗಳೂ ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆಯಾಗುತ್ತವೆ. ಸಬ್‌ಟೈಟಲ್‌ನ ವೇಳೆಯೆಲ್ಲ ಈ ಎಳೆಯನ್ನೇ ಅವಲಂಬಿಸಿರುವುದರಿಂದ ಇದನ್ನು ಮುಗಿಸದೆ ಬರೆಯಲು ಕೂರಬಾರದು.

ಬರೆಯುವುದೇ ಈ ಕೆಲಸದ ಬಹುಪಾಲು. ಪದ್ಯಗಳಿಗೆ ಮುದ್ರಿತ ಪ್ರಸಂಗ ಪುಸ್ತಕದ ಆಧಾರವಿತ್ತು. ಆದರೆ ಭಾಗವತರು ಪುಸ್ತಕದ ಎಲ್ಲ ಪದ್ಯಗಳನ್ನೂ ಹಾಡುವುದಿಲ್ಲ, ಕಾಲಮಿತಿಯ ಆಟದಲ್ಲಿ ಇನ್ನಷ್ಟು ಬಿಡುತ್ತಾರೆ. ಹಾಡಿದ ಪದ್ಯದಲ್ಲೂ ಅಲ್ಲೊಂದು ಇಲ್ಲೊಂದು ಶಬ್ದ ಅವರ ಬಾಯಲ್ಲಿ ಬೇರೆಯಾಗಿರುತ್ತದೆ. ಪುಸ್ತಕದಲ್ಲಿರುವುದನ್ನಲ್ಲ, ಹಾಡಿದ್ದನ್ನೇ ಬರೆಯಬೇಕೆಂಬುದು ನನ್ನ ನಿಲುವು. ಕೇಳಿಸದವರಿಗಾಗಿ ಬರೆಯುವಾಗ, ಕೇಳಿಸುವವರಿಗೆ ದಕ್ಕಿದ್ದು ಅವರಿಗೂ ದಕ್ಕಬೇಕು. ಅರ್ಥಕ್ಕಾದರೋ ಯಾವ ಪುಸ್ತಕವೂ ಇಲ್ಲ. ಅದು ರಂಗಸ್ಥಳದಲ್ಲೇ ಹುಟ್ಟುವ ಮಾತು, ಆದ್ದರಿಂದ ಹೆಡ್‌ಫೋನ್ ಹಾಕಿಕೊಂಡು ವಾಕ್ಯ ವಾಕ್ಯವಾಗಿ ಕೇಳಿ ಬರೆದುಕೊಂಡೆ. ವೇಳೆ ಗುರುತಿಸಲು ಏಜಿಸಬ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಅದು ಧ್ವನಿಯ ಏರಿಳಿತವನ್ನು ರೇಖೆಯಾಗಿ ತೋರಿಸುತ್ತದೆ. ಅರ್ಥದ ಭಾಗದಲ್ಲಿ ಮಾತು ಎಲ್ಲಿ ಹುಟ್ಟಿ ಎಲ್ಲಿ ನಿಂತಿತೆಂದು ರೇಖೆಯನ್ನು ನೋಡಿಯೇ ಹೇಳಬಹುದು. ಚೆಂಡೆ ಏರಿದ ಕಡೆ ರೇಖೆ ಪೂರ್ತಿ ತುಂಬಿಕೊಳ್ಳುವುದರಿಂದ ಅಲ್ಲಿ ಕಿವಿಯೇ ಗತಿ.

ಪದ್ಯಕ್ಕೂ ಅರ್ಥಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಸಾಮಾನ್ಯ ಸಬ್‌ಟೈಟಲ್ ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಬಾರದು, ಆರೇಳು ಸೆಕೆಂಡಿಗಿಂತ ಹೆಚ್ಚು ಉಳಿಯಬಾರದು ಎಂಬ ವಾಡಿಕೆ ಇದೆ. ತಾಳವಿಲ್ಲದೆ ಹಾಡುವ ಭಾಮಿನಿ, ವಾರ್ಧಕಗಳಲ್ಲಿ ಒಂದು ಸಾಲೇ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಎಳೆಯುತ್ತದೆ. ತಾಳದ ಪದ್ಯಗಳಲ್ಲಿ ಅದೇ ಸಾಲು ಕುಣಿತಕ್ಕಾಗಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಪುನರಾವರ್ತನೆಗೂ ಸಾಲನ್ನು ಅಳಿಸಿ ಮತ್ತೆ ತೋರಿಸಿದರೆ ನೋಡುವವರು ಹೊಸ ಸಾಲು ಬಂತೆಂದು ಕಣ್ಣನ್ನು ಕೆಳಗಿಳಿಸುತ್ತಾರೆ, ಆ ಕ್ಷಣದ ಅಭಿನಯ ತಪ್ಪಿಹೋಗುತ್ತದೆ. ಆದ್ದರಿಂದ ಭಾಗವತರು ಆ ಸಾಲಿನಲ್ಲಿ ಇರುವಷ್ಟು ಹೊತ್ತೂ ಅದನ್ನು ಕದಲಿಸದೆ ಇಟ್ಟು, ಬಿಡ್ತಿಗೆಗೆ, ಅಂದರೆ ಚೆಂಡೆ ಮದ್ದಳೆಯ ನುಡಿತಕ್ಕೆ, ಹೋದಾಗ ತೆಗೆದೆ. ದೊಡ್ಡಪ್ಪನದು ಇನ್ನೊಂದು ಬೇಡಿಕೆಯಿತ್ತು: "ರಾಗ ಯಾವುದು, ತಾಳ ಯಾವುದು ಅಂತ ಬರೆ ಮಗಾ. ಅಷ್ಟು ಗೊತ್ತಾದರೆ ಉಳಿದದ್ದು ನನ್ನ ತಲೆಯೊಳಗೇ ಕೇಳುತ್ತದೆ." ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದ್ಯದ ಮೇಲೆ ರಾಗತಾಳಗಳ ಹೆಸರಿರುತ್ತದೆಯಾದರೂ ಭಾಗವತರು ರಾಗವನ್ನು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಬದಲಿಸುವುದುಂಟು, ಭಾಗವತಿಕೆ ಕಲಿತ ನೆರೆಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಖಚಿತಪಡಿಸಿಕೊಂಡೇ ಬರೆದೆ.

ಅರ್ಥದಲ್ಲಿ ಕಠಿಣವಾದದ್ದು ವಾಕ್ಯವನ್ನು ಎಲ್ಲಿ ತುಂಡರಿಸಬೇಕೆಂಬುದು. "ನಿನ್ನ ಬಾಣಕ್ಕೆ ಹೆದರುವವನಲ್ಲ ನಾನು, ನಿನ್ನ ಮೌನಕ್ಕೆ ಹೆದರುತ್ತೇನೆ" ಎಂಬಂಥ ಮಾತು ಬಂದಿತೆನ್ನೋಣ. ಎರಡನ್ನೂ ಒಟ್ಟಿಗೆ ತೆರೆಗೆ ತಂದರೆ, ವೇಷಧಾರಿ ಮೊದಲರ್ಧ ಹೇಳಿ ಎದುರಾಳಿಯ ಮುಖ ನೋಡುತ್ತಾ ನಿಂತ ಆ ಬಿಡುವಿನಲ್ಲೇ ಓದುವವರಿಗೆ ಉತ್ತರ ತಿಳಿದುಬಿಡುತ್ತದೆ. ಸಂವಾದದ ಪೆಟ್ಟು ಅಲ್ಲಿಗೆ ವ್ಯರ್ಥ. ಹಾಗಾಗಿ ಇಂಥವನ್ನು ಎರಡು ಬೇರೆ ಸಬ್‌ಟೈಟಲ್‌ಗಳಾಗಿ ಮಾಡಿ, ಎರಡನೆಯದನ್ನು ಬಾಯಿ ತೆರೆದ ಚೌಕಟ್ಟಿಗೇ ಕೂರಿಸಿದೆ. ವೇಗವಾಗಿ ಆಡಿದ ಮಾತನ್ನು ಸಂಕ್ಷೇಪಿಸುವ ಪದ್ಧತಿ ಸಿನಿಮಾಗಳಲ್ಲಿದೆ, ನನಗದು ಇಲ್ಲಿ ಒಪ್ಪಿಗೆಯಾಗಲಿಲ್ಲ. ಮರುಕಳಿಸುವ ಸಂಬೋಧನೆಗಳನ್ನು ಬಿಟ್ಟಿದ್ದೇನೆ, ಅರ್ಥಧಾರಿಯ ಶಬ್ದವನ್ನು ಬದಲಿಸಿಲ್ಲ.

ಓದುವ ವೇಗವನ್ನು ಅಳೆಯಲು ತಂತ್ರಾಂಶಗಳು ಸೆಕೆಂಡಿಗೆ ಎಷ್ಟು ಸಂಕೇತಗಳೆಂಬ ಲೆಕ್ಕ ಕೊಡುತ್ತವೆ. ಕನ್ನಡಕ್ಕೆ ಅದು ನಂಬುವಂಥದ್ದಲ್ಲ. "ಸ್ತ್ರೀ" ಎಂಬುದು ನಮಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಆ ಲೆಕ್ಕವನ್ನು ಬದಿಗಿಟ್ಟು, ಸಾಲಿಗೆ ಹೆಚ್ಚೆಂದರೆ 24 ಅಕ್ಷರ, ಒಮ್ಮೆಗೆ ಎರಡೇ ಸಾಲು ಎಂದು ನಿಗದಿ ಮಾಡಿಕೊಂಡು, ದೊಡ್ಡಪ್ಪ ಪತ್ರಿಕೆ ಓದುವ ನಿಧಾನದಲ್ಲಿ ನಾನೇ ಗಟ್ಟಿಯಾಗಿ ಓದಿ ವೇಳೆ ಹೊಂದಿಸಿದೆ.

ಇನ್ನು ಅಕ್ಷರವನ್ನು ಚಿತ್ರವಾಗಿಸುವುದು. ಡಿವಿಡಿ ರಚಿಸುವ ಡಿವಿಡಿಆಥರ್ ತಂತ್ರಾಂಶದ ಕಟ್ಟಿನೊಂದಿಗೆ ಬರುವ ಸ್ಪುಮಕ್ಸ್ ಎಂಬ ಉಪಕರಣ ಪಠ್ಯದ ಕಡತವನ್ನು ನೇರವಾಗಿ ತೆಗೆದುಕೊಂಡು ತಾನೇ ಅಕ್ಷರ ಬಿಡಿಸಬಲ್ಲದು, ಆದರೆ ಕನ್ನಡದ ಒತ್ತು ಮತ್ತು ಗುಣಿತಗಳನ್ನು ಕೂಡಿಸುವ ಕೆಲಸವನ್ನು ಅದಕ್ಕೆ ವಹಿಸಲಾಗದು. ಅದೇ ಸ್ಪುಮಕ್ಸ್ ಸಿದ್ಧಪಡಿಸಿದ ಪಿಎನ್‌ಜಿ ಚಿತ್ರಗಳನ್ನೂ ಸ್ವೀಕರಿಸುತ್ತದೆ. ಪ್ರತಿ ಚಿತ್ರದ ಆರಂಭ, ಅಂತ್ಯ ಮತ್ತು ಸ್ಥಾನವನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದುಕೊಟ್ಟರಾಯಿತು. ಚಿತ್ರಗಳನ್ನು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಂತ್ರಾಂಶದಲ್ಲಿ, ಅಕ್ಷರ ಜೋಡಿಸುವ ಪ್ಯಾಂಗೊ ಮೂಲಕ ಬಿಡಿಸಿದೆ, ಅಲ್ಲಿ ಕನ್ನಡದ ಜೋಡಣೆ ಪರಿಶುದ್ಧವಾಗಿ ಬರುತ್ತದೆ. ನೋಟೊ ಸಾನ್ಸ್ ಕನ್ನಡದ ದಪ್ಪ ಮಾದರಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಡಿವಿಡಿಯ ಚಿತ್ರ ಬೆಸ ಮತ್ತು ಸರಿ ಗೆರೆಗಳಾಗಿ ಹೆಣೆದುಕೊಂಡಿರುವುದರಿಂದ ಒಂದೇ ಗೆರೆಯಷ್ಟು ತೆಳುವಾದ ತಲಕಟ್ಟು ಹಳೆಯ ಟಿವಿಯಲ್ಲಿ ಮಿನುಗುತ್ತದೆ. ದಪ್ಪ ಅಕ್ಷರದಲ್ಲಿ ಆ ತೊಂದರೆ ಇಲ್ಲ, ಒತ್ತುಗಳೂ ಸ್ಪಷ್ಟ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನಮ್ಮ ಡಿಸ್ಕಿನ ವಿಡಿಯೊ ಅಗಲ ತೆರೆಯದು, ಅಂದರೆ 16:9. ಡಿಸ್ಕಿನಲ್ಲಿ ಅದು 720 ಅಗಲಕ್ಕೆ ಕುಗ್ಗಿಕೊಂಡಿದ್ದು, ತೋರಿಸುವಾಗ ಟಿವಿ ಅದನ್ನು ಹಿಗ್ಗಿಸುತ್ತದೆ. ಸಬ್‌ಟೈಟಲ್ ಚಿತ್ರವೂ ಜೊತೆಗೇ ಹಿಗ್ಗುವುದರಿಂದ, ಮೊದಲು 1024 ಅಗಲದ ಹಾಳೆಯಲ್ಲಿ ಅಕ್ಷರ ಬಿಡಿಸಿ ಬಳಿಕ 720ಕ್ಕೆ ಒತ್ತಿದೆ; ಟಿವಿಯಲ್ಲಿ ಅಕ್ಷರಗಳು ಸಹಜ ಅಗಲಕ್ಕೆ ಬಂದವು. ಕೊನೆಗೆ ನಾಲ್ಕು ಬಣ್ಣಕ್ಕೆ ಇಳಿಸಿದೆ: ಪಾರದರ್ಶಕ, ಅಕ್ಷರದ ಬಣ್ಣ, ಕಪ್ಪು ಅಂಚು, ಇವೆರಡರ ನಡುವಿನ ಒಂದು ಛಾಯೆ. ಅರ್ಥಕ್ಕೆ ಬಿಳಿ, ಪದ್ಯಕ್ಕೆ ಹಳದಿ.

ಸ್ಥಾನದ ವಿಷಯದಲ್ಲಿ ನಾನು ವಾಡಿಕೆಯನ್ನು ಬಿಟ್ಟು ನಡೆದೆ. ಅಕ್ಷರ ಸದಾ ಕೆಳಗಿರಬೇಕೆಂಬ ಕ್ರಮ ಸಿನಿಮಾಕ್ಕೆ ಸರಿ. ಆಟದಲ್ಲಿ ಕೆಳಗಿರುವುದು ಕಾಲು ಮತ್ತು ಗೆಜ್ಜೆ. ಪದ್ಯಕ್ಕೆ ಕುಣಿಯುವಾಗ ಹೆಜ್ಜೆಗಳ ಮೇಲೆ ಅಕ್ಷರ ಹಾಸುವುದು ನನಗೆ ಅಪಚಾರವೆನಿಸಿತು. ನಮ್ಮ ಚಿತ್ರೀಕರಣದಲ್ಲಿ ಚೌಕಟ್ಟಿನ ಮೇಲ್ಭಾಗದಲ್ಲಿ ಇದ್ದದ್ದು ರಂಗಸ್ಥಳದ ಬ್ಯಾನರ್ ಮತ್ತು ದೀಪಗಳು; ಹಾಡು, ವಾದ್ಯಗಳ ಹಿಮ್ಮೇಳದವರು ಅದಕ್ಕಿಂತ ಕೆಳಗಿದ್ದರು. ಆದ್ದರಿಂದ ಪದ್ಯವನ್ನು ಮೇಲೆ, ವೇಷಧಾರಿ ನಿಂತು ಇಲ್ಲವೇ ಕುಳಿತು ಅರ್ಥ ಹೇಳುವಾಗ ಅದನ್ನು ಕೆಳಗೆ ಇಟ್ಟೆ. ಮೇಲೆ ಹಳದಿ ಕಂಡರೆ ಭಾಗವತರು, ಕೆಳಗೆ ಬಿಳಿ ಕಂಡರೆ ಮುಮ್ಮೇಳ, ಅಂದರೆ ವೇಷಧಾರಿಗಳು, ಎಂದು ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಟಿವಿಗಳು ಅಂಚನ್ನು ಕತ್ತರಿಸುವುದರಿಂದ ನಾಲ್ಕೂ ಬದಿಗಳಲ್ಲಿ ಹತ್ತರಲ್ಲೊಂದು ಭಾಗ ಖಾಲಿ ಬಿಡುವುದು ಕ್ಷೇಮ.

ಎರಡನೆಯ ಪ್ರವಾಹ ಬೇಕಾದದ್ದು ಹಾಸ್ಯದ ಸಲುವಾಗಿ. ಹಾಸ್ಯಗಾರರು ನಡುನಡುವೆ ತುಳುವಿಗೆ ಹೊರಳುತ್ತಾರೆ. ಮೊದಲ ಪ್ರವಾಹದಲ್ಲಿ ಆ ತುಳುವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದೆ. ಎರಡನೆಯದರಲ್ಲಿ, ಬೆಂಗಳೂರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾಗಿ, ಅದರ ಕನ್ನಡ ಅನುವಾದ ಕೊಟ್ಟೆ. ಡಿವಿಡಿಯಲ್ಲಿ ಭಾಷೆಯನ್ನು ಎರಡಕ್ಷರದ ಸಂಕೇತದಿಂದ ಗುರುತಿಸುತ್ತಾರೆ. ಕನ್ನಡಕ್ಕೆ ಕೆಎನ್ ಇದೆ. ತುಳುವಿಗೆ ಮೂರಕ್ಷರದ ಟಿಸಿವೈ ಮಾತ್ರ ಇರುವುದರಿಂದ ಎರಡೂ ಪ್ರವಾಹಗಳಿಗೆ ಕೆಎನ್ ಎಂದೇ ಕೊಡಬೇಕಾಯಿತು.

ಸ್ಪುಮಕ್ಸ್‌ನಿಂದ ಎರಡೂ ಪ್ರವಾಹಗಳನ್ನು ಒಂದಾದ ಮೇಲೊಂದು ಸೇರಿಸಿ, ಡಿವಿಡಿಆಥರ್‌ನಿಂದ ಹೊಸ ಫೋಲ್ಡರ್ ರಚಿಸಿದೆ. ಈಚಿನ ಆವೃತ್ತಿಗಳಿಗೆ ಪಾಲ್ ಎಂದು ಮೊದಲೇ ಸೂಚಿಸಬೇಕು, ಇಲ್ಲದಿದ್ದರೆ ಕೆಲಸ ಮುಂದುವರಿಯದು. ದೊಡ್ಡಪ್ಪನ ಕೈಯಲ್ಲಿ ರಿಮೋಟ್‌ನ ಸಬ್‌ಟೈಟಲ್ ಗುಂಡಿ ಹುಡುಕಿಸುವುದು ಬೇಡವೆಂದು, ವಿಡಿಯೊ ಶುರುವಾಗುವ ಮುನ್ನ ನಡೆಯುವ ಆದೇಶಗಳಲ್ಲಿ ಸಬ್‌ಟೈಟಲ್‌ನ ಬೆಲೆಯನ್ನು 64 ಎಂದು ಬರೆದೆ. ಪ್ರವಾಹದ ಸಂಖ್ಯೆಗೆ 64 ಕೂಡಿಸಿದರೆ "ತೆರೆಗೆ ತಾ" ಎಂದರ್ಥ. ಮೊದಲ ಪ್ರವಾಹದ ಸಂಖ್ಯೆ ಸೊನ್ನೆಯಾದ್ದರಿಂದ 64, ಎರಡನೆಯದಕ್ಕೆ 65. ಡಿಸ್ಕ್ ಹಾಕಿದೊಡನೆ ಅಕ್ಷರ ತಾನೇ ಬರುತ್ತದೆ.

ಕಂಪ್ಯೂಟರಿನಲ್ಲಿ ವಿಎಲ್‌ಸಿಯಿಂದ ನೋಡಿ, ಬಳಿಕ ಅಳಿಸಿ ಬರೆಯಬಹುದಾದ ಡಿಸ್ಕಿಗೆ ಹಾಕಿ ದೊಡ್ಡಪ್ಪನ ಪ್ಲೇಯರಿನಲ್ಲೇ ಪರೀಕ್ಷಿಸಿದ ನಂತರ, ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡ ಡಿವಿಡಿ-ಆರ್ ಡಿಸ್ಕುಗಳಿಗೆ ಕಡಿಮೆ ವೇಗದಲ್ಲಿ ಬರೆದೆ. ಹಳೆಯ ಪ್ಲೇಯರ್‌ಗಳು ಡಿವಿಡಿ+ಆರ್ ಎಂಬ ಪ್ಲಸ್ ಮಾದರಿಗಿಂತ ಈ ಮಾದರಿಯನ್ನು ಸುಲಭವಾಗಿ ಓದುತ್ತವೆ. ಸಬ್‌ಟೈಟಲ್‌ನಿಂದ ಹೆಚ್ಚಿದ ಗಾತ್ರ ನಗಣ್ಯ. ಆದರೂ ಡಿಸ್ಕಿನ ಪೆಟ್ಟಿಗೆಯ ಮೇಲೆ ಬರೆದ 4.7 ಗಿಗಾಬೈಟ್ ಕಂಪ್ಯೂಟರಿನ ಲೆಕ್ಕದಲ್ಲಿ ಸುಮಾರು 4.37 ಮಾತ್ರವೆಂಬುದನ್ನು ಗಮನಿಸಬೇಕು.

ವಿಡಿಯೊ ಫೋಲ್ಡರಿನ ಹೊರಗೆ ಬೇರೆ ಕಡತಗಳಿದ್ದರೆ ಪ್ಲೇಯರ್ ಅವನ್ನು ಲೆಕ್ಕಿಸುವುದಿಲ್ಲವಾದ್ದರಿಂದ, ಪದ್ಯ ಮತ್ತು ಅರ್ಥದ ಪೂರ್ತಿ ಪಠ್ಯವನ್ನು ಯೂನಿಕೋಡ್‌ನಲ್ಲಿ ಅದೇ ಡಿಸ್ಕಿಗೆ ಸೇರಿಸಿದ್ದೇನೆ. ಮೊದಲ ಡಿಸ್ಕನ್ನು ನೋಡಿ ಮುಗಿಸಿದ ದೊಡ್ಡಪ್ಪ ಎರಡು ಕಡೆ ಅಕ್ಷರ ಬೇಗನೆ ಹೋಯಿತೆಂದು ಗುರುತು ಹಾಕಿ ಕೊಟ್ಟಿದ್ದಾರೆ. ಎರಡೂ ಪ್ರತಿನಾಯಕನ ಪೀಠಿಕೆಯ, ಅಂದರೆ ಪ್ರವೇಶದ ಮಾತಿನ, ಭಾಗದಲ್ಲಿವೆ. ಆ ವೇಳೆಯನ್ನು ಹಿಗ್ಗಿಸಿದ ಮೇಲೆ ಉಳಿದ ಡಿಸ್ಕುಗಳ ಪೀಠಿಕೆಗಳಿಗೂ ಅದೇ ನಿಧಾನವನ್ನು ಅನ್ವಯಿಸುತ್ತಿದ್ದೇನೆ.